ಜಾಲಿ ಪೊದೆಯ ಹಿಂದಿನ ಧ್ಯಾನ

ಸಿದ್ದಲಿಂಗೇಶನ ಮಾನ ಹೋಗಿದ್ದು ಮಂಡಿನೋವಿನಿಂದ. ಮಂಡಿ ನೆಟ್ಟಗಿದ್ದಿದ್ದರೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ, ನೋಡಿದವರಿಗೆ ಅದು ಧ್ಯಾನ ಅಂತ ಗೊತ್ತಾಗುತ್ತಿತ್ತು. ಮಂಡಿ ಮಡಚಲು ಆಗದ್ದರಿಂದ ಅವನು ಕೆರೆ ಏರಿಯ ಹಿಂದೆ, ಜಾಲಿ ಪೊದೆಯ ಮರೆಯಲ್ಲಿ ಎರಡು ಕಲ್ಲು ಜೋಡಿಸಿ, ಇಬ್ಬನಿಗೆ ನೆನೆಯದಿರಲಿ ಎಂದು ಲುಂಗಿ ಮೇಲೆತ್ತಿ ಕಟ್ಟಿ, ಪಕ್ಕದಲ್ಲಿ ಒಂದು ಬಾಟಲಿ ನೀರಿಟ್ಟುಕೊಂಡು ಕೂರುತ್ತಿದ್ದ. ಬೆಳಬೆಳಗ್ಗೆ ಹೀಗೆ ಕೂತವನನ್ನು ಕಂಡು ಬುದ್ಧನನ್ನು ನೆನೆಯುವವರು ನಮ್ಮ ಕಡೆ ಕಡಿಮೆ.

ಗೋವಿನಕೋವಿಯಿಂದ ಸ್ವಲ್ಪ ಆಚೆಗಿನ ಊರು ಅದು. ಹೆಸರು ಬೇಡ, ಆಗಿದ್ದೇ ಸಾಕು. ಸಿದ್ದಲಿಂಗೇಶ ಅಲ್ಲಿನ ಪಂಚಾಯಿತಿಯ ಬಿಲ್ ಕಲೆಕ್ಟರ್. ನ್ಯಾಮತಿ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ತಡವಾದ ಒಂದು ದಿನ ಬುದ್ಧನ ಬಗ್ಗೆ ಸಣ್ಣದೊಂದು ಪುಸ್ತಕ ಕೊಂಡ. ಬಸ್ಸು ಬರುವಷ್ಟರಲ್ಲಿ ಅರ್ಧ ಮನುಷ್ಯ ಬದಲಾಗಿದ್ದ. ಪಂಚಶೀಲದಲ್ಲಿ ನಾಲ್ಕನೆಯದು, ಸುಳ್ಳು ಹೇಳಬಾರದು ಎಂಬುದು, ಅವನಿಗೆ ಬಹಳ ಹಿಡಿಸಿತು. ಮನೆಗಂದಾಯ ಕೇಳಲು ಹೋದಲ್ಲೆಲ್ಲ "ಯಜಮಾನ್ರು ಊರಲ್ಲಿಲ್ಲ" ಎಂದು ಯಜಮಾನರ ಬಾಯಿಂದಲೇ ಕೇಳಿಸಿಕೊಂಡು ಬಂದವನು ಅವನು.

ಆದರೆ ಗುರು ಬೇಕಲ್ಲ? ನ್ಯಾಮತಿ, ಹೊನ್ನಾಳಿ ಎರಡೂ ಕಡೆ ವಿಚಾರಿಸಿದ. ಟೈಲರಿಂಗ್, ಡ್ರೈವಿಂಗ್, ಹಾರ್ಮೋನಿಯಂ ಹೇಳಿಕೊಡುವವರು ಸಿಕ್ಕರು. ಉಸಿರಾಡುವುದನ್ನು ಹೇಳಿಕೊಡುವವರು ಸಿಗಲಿಲ್ಲ. ಕೊನೆಗೆ ಮೊಬೈಲೇ ಗುರುವಾಯಿತು. "ಉಸಿರನ್ನು ಗಮನಿಸಿ. ಗಂಟೆ ಕೇಳುವವರೆಗೆ ಏನೇ ಆದರೂ ಕಣ್ಣು ತೆರೆಯಬೇಡಿ, ಮಾತಾಡಬೇಡಿ" ಎನ್ನುತ್ತಿತ್ತು ಅದರೊಳಗಿನ ತಣ್ಣನೆಯ ದನಿ. ನೆಗಡಿಯಾಗಿ ಮೂಗು ಕಟ್ಟಿದಾಗ ಎಲ್ಲಿ ಗಮನಿಸಬೇಕು ಎಂದು ಕೇಳಿದರೆ ಅದರ ಹತ್ತಿರ ಉತ್ತರ ಇರಲಿಲ್ಲ.

ಮನೆಯಲ್ಲಿ ಕೂರುವ ಹಾಗಿರಲಿಲ್ಲ. ದಿನಕ್ಕೆ ಹತ್ತು ನಿಮಿಷ ಲಿಂಗಪೂಜೆಗೆ ಕೂತ್ಕೋ ಎಂದು ತಾಯಿ ಕೊಟ್ರಮ್ಮ ಹದಿನೈದು ವರ್ಷದಿಂದ ಬೇಡುತ್ತಿದ್ದಳು, ಇವನು ಪುರುಸೊತ್ತಿಲ್ಲ ಎಂದು ಜಾರಿಕೊಳ್ಳುತ್ತಿದ್ದ. ಈಗ ಅವಳ ಕಣ್ಣೆದುರೇ ಅರ್ಧ ಗಂಟೆ ಕಣ್ಣು ಮುಚ್ಚಿ ಕೂರಲು ಯಾವ ಮುಖ? ಇನ್ನು ಹೆಂಡತಿ ರೂಪಶ್ರೀಗೆ ಬುದ್ಧನ ಬಗ್ಗೆ ಗೊತ್ತಿದ್ದದ್ದು ಒಂದೇ ಸಂಗತಿ, ಅವನು ಹೆಂಡತಿಯನ್ನು ಬಿಟ್ಟುಹೋದ ಎನ್ನುವುದು. ಹಾಗಾಗಿ ವಾಕಿಂಗ್ ನೆಪದಲ್ಲಿ ಕೆರೆ ಏರಿಯೇ ಗತಿಯಾಯಿತು; ನಡೆದೇ ಹೋಗುತ್ತಿದ್ದರಿಂದ ಅದು ಸುಳ್ಳಾಗಲಿಲ್ಲ.

ಹದಿನಾರನೆಯ ದಿನ, ಬಯಲಿಗೆ ಹೋಗುವವರನ್ನು ಹಿಡಿಯಲು ಪಂಚಾಯಿತಿಯ ಮುಖ್ಯ ಅಧಿಕಾರಿ, ಪಿಡಿಒ ಸಂಧ್ಯಾರಾಣಿ ಮೇಡಂ ಯಾರಿಗೂ ಹೇಳದೆ ಬೆಳಗಿನ ಗಸ್ತು ಹೊರಟರು. ಜೊತೆಗೆ ಊರಿಗೆ ನಲ್ಲಿ ನೀರು ಬಿಡುವ ನೀರಗಂಟಿ ಬಂಗಾರಪ್ಪ. ಅವನ ಕೈಯಲ್ಲಿ ಸೀಟಿ ಮತ್ತು ಚೆಂಡುಹೂವಿನ ಹಾರ. ಸಿಕ್ಕಿಬಿದ್ದವರಿಗೆ ದಂಡ ಬೇಡ, ಹಾರ ಹಾಕಿ ಫೋಟೊ ತೆಗೆಯೋಣ, ನಾಚಿಕೆಯಾಗಿ ಬಿಡ್ತಾರೆ ಎಂದು ಸಭೆಯಲ್ಲಿ ಸಲಹೆ ಕೊಟ್ಟವನು ಸಿದ್ದಲಿಂಗೇಶನೇ.

ಸೀಟಿ ಪಕ್ಕದಲ್ಲೇ ಕೂಗಿತು. ಹತ್ತಿರದಲ್ಲೊಬ್ಬ ಗುರು ಇದ್ದಿದ್ದರೆ, ಇಂಥ ಹೊತ್ತಿನಲ್ಲಿ ಸೀಟಿಯನ್ನು ಗಮನಿಸಬೇಕೋ ಎದ್ದು ಓಡಬೇಕೋ ಎಂದು ಮೊದಲೇ ಹೇಳಿಕೊಟ್ಟಿರುತ್ತಿದ್ದ. ಸಿದ್ದಲಿಂಗೇಶ ಗಮನಿಸಿದ. ಕೊರಳಿಗೆ ತಣ್ಣಗೆ ಏನೋ ಇಳಿದಂತಾಯಿತು. ಪುಸ್ತಕದಲ್ಲಿ ಹೇಳಿದ್ದ ಶಾಂತಿ ಇದೇ ಇರಬೇಕು ಎಂದು ಒಳಗೊಳಗೇ ಹಿಗ್ಗಿದ. ಗಂಟೆ ಕೇಳಿ ಕಣ್ಣು ತೆರೆದರೆ ಎದೆಯ ಮೇಲೆ ಹಾರ, ಎದುರಿಗೆ ಬಂಗಾರಪ್ಪನ ಮೊಬೈಲು, ದೂರದಲ್ಲಿ ಆ ಕಡೆ ಮುಖ ತಿರುಗಿಸಿ ನಿಂತ ಮೇಡಂ.

"ನೀವೇನ್ರೀ ಸಿದ್ದಣ್ಣ? ಮನೇಲಿ ಟಾಯ್ಲೆಟ್ ಕಟ್ಸಿರೋದು ಯಾರಿಗೆ ಮತ್ತೆ?" ಎಂದ ಬಂಗಾರಪ್ಪ.

ಧ್ಯಾನ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದರ ಬೆನ್ನಿಗೇ ತಾಯಿಯ ಮುಖವೂ ಬಂತು.

"ಹೊಟ್ಟೆ ಕೆಟ್ಟೈತೆ ಬಂಗಾರಣ್ಣ. ಮನೆ ತನಕ ತಡಿಯಾಕೆ ಆಗ್ಲಿಲ್ಲ."

ಹದಿನಾರು ದಿನದ ಶೀಲ ಅಲ್ಲಿಗೆ ಮುಗಿಯಿತು.

ಅವನಿಗಿಂತ ಮೊದಲು ಫೋಟೊ ಮನೆ ತಲುಪಿತ್ತು. "ನಿನ್ನೆ ಏನ್ ತಿಂದ್ಯೋ?" ಎಂದು ಕೊಟ್ರಮ್ಮ ದಾಳಿಂಬೆ ಸಿಪ್ಪೆ ಕುದಿಯಲು ಇಟ್ಟಳು. ರೂಪಶ್ರೀ ಮುಖ ಸಣ್ಣದು ಮಾಡಿಕೊಂಡು, "ನಾನ್ ಮಾಡಿದ್ದೇ ತಿಂದಿದ್ದು. ನನ್ ಅಡಿಗೇನೇ ಕೆಟ್ಟದ್ದು ಅನ್ರಿ," ಎಂದಳು.

"ನಿನ್ ಅಡಿಗೆ ಅಲ್ಲ ಕಣೆ. ನಲ್ಲಿ ನೀರು ಇರ್ಬೇಕು. ಒಂಥರ ವಾಸನೆ ಬರ್ತಿತ್ತು," ಎಂದ ಸಿದ್ದಲಿಂಗೇಶ. ಇದು ಎರಡನೆಯ ಸುಳ್ಳು. ಹೆಂಡತಿಯ ಮೇಲಿನ ಕರುಣೆಯಿಂದ ಹೇಳಿದ್ದು ಎಂದು ಸಮಾಧಾನ ಮಾಡಿಕೊಂಡ. ಅಷ್ಟರಲ್ಲಿ ಯೋಗಕ್ಷೇಮ ವಿಚಾರಿಸಲು ಬಂದು ಬಾಗಿಲಲ್ಲೇ ನಿಂತಿದ್ದ ಆಶಾ ಕಾರ್ಯಕರ್ತೆ ಲಕ್ಷ್ಮಕ್ಕ ಆ ಮಾತನ್ನು ಡೈರಿಯಲ್ಲಿ ಬರೆದುಕೊಂಡಾಗಿತ್ತು.

ಒಂಬತ್ತು ಗಂಟೆಗೆ ವಿಷಯ ಮೇಡಂಗೆ ಮುಟ್ಟಿತು. ಒಂಬತ್ತೂವರೆಗೆ ಟ್ಯಾಂಕಿನ ವಾಲ್ವ್ ಬಂದ್ ಆಯಿತು. ಹತ್ತಕ್ಕೆ ಆಟೊ ಮೈಕಿನಲ್ಲಿ, ಮನೇಲಿ ಹಿಡಿದಿಟ್ಟ ನೀರನ್ನೂ ಯಾರೂ ಮುಟ್ಟಬೇಡಿ, ಟ್ಯಾಂಕರ್ ಬರ್ತದೆ ಎಂದು ಊರೆಲ್ಲ ಸಾರಿದರು. ಲಕ್ಷ್ಮಕ್ಕ ಒಂದು ಪುಟ್ಟ ಡಬ್ಬಿ ತಂದು ಸಿದ್ದಲಿಂಗೇಶನ ಕೈಗಿಟ್ಟು, "ಸ್ಯಾಂಪಲ್ ಬೇಕಂತೆ, ಮಧ್ಯಾಹ್ನದೊಳಗೆ ಕೊಡ್ರಿ," ಎಂದಳು. ಅವನು ಡಬ್ಬಿಯನ್ನು ಜೇಬಿಗೆ ಸೇರಿಸಿ ಆಫೀಸಿಗೆ ಓಡಿದ.

ಒಂದೂವರೆಯಾದರೂ ಟ್ಯಾಂಕರ್ ಬರಲಿಲ್ಲ. ಪಂಚಾಯಿತಿ ಮುಂದೆ ಕೊಡಗಳ ಸಾಲು ರಸ್ತೆ ದಾಟಿತ್ತು. ಟ್ಯಾಂಕ್ ಉಜ್ಜಿ ಇಳಿದ ಬಂಗಾರಪ್ಪ ಮೆಟ್ಟಿಲ ಮೇಲೆ ಕುಸಿದು, "ಮೂರು ದಿನದ ಹಿಂದೆ ತೊಳ್ದಿದ್ದೆ ಸಿದ್ದಣ್ಣ. ಈಗ ಎಲ್ರೂ ನನ್ನನ್ನೇ ಬೈತಾರೆ. ಕೆಲಸಕ್ಕೇ ಕುತ್ತು ಬಂತು ನೋಡ್ರಿ," ಎಂದ. ಸಾಲಿನ ನಡುವೆ, ಬಿಸಿಲಲ್ಲಿ, ಕೊಟ್ರಮ್ಮ ನಿಂತಿದ್ದಳು.

"ಊಟ ಮಾಡಿದ್ಯೇನವ್ವ?"

"ಲಿಂಗಕ್ಕೆ ನೀರು ಹಾಕ್ದೆ ಹೆಂಗ್ ಉಣ್ಣಲಪ್ಪ? ಆ ನೀರು ಮುಟ್ಬ್ಯಾಡ್ರಿ ಅಂದವ್ರೆ." ಸೆರಗಿನಿಂದ ಅವನ ಹಣೆಯ ಬೆವರೊರೆಸಿದಳು. "ನಿನ್ ಹೊಟ್ಟೆ ಹೆಂಗೈತೆ?"

ಸಿದ್ದಲಿಂಗೇಶನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಕೊರಳಿಗೆ ಹಾರ ಬಿದ್ದಾಗ ಆಗಿದ್ದು ಬರೀ ಮುಜುಗರ, ಇದು ನಾಚಿಕೆ. ಸುಳ್ಳು ಹೇಳಬಾರದೆಂದು ಹೊರಟವನು ಹೆತ್ತ ತಾಯಿಯನ್ನು ಉಪವಾಸ ಕೆಡವಿದ್ದ, ಒಬ್ಬ ಬಡಪಾಯಿಯ ಅನ್ನಕ್ಕೆ ಕಲ್ಲು ಹಾಕಿದ್ದ. ಅವನು ಮೆಟ್ಟಿಲ ಮೇಲೆ ನಿಂತ.

"ನೀರಿಗೆ ಏನೂ ಆಗಿಲ್ಲ. ನನ್ ಹೊಟ್ಟೆಗೂ ಏನೂ ಆಗಿಲ್ಲ. ನಾನು ಹದಿನಾರು ದಿನದಿಂದ ಅಲ್ಲಿ ಧ್ಯಾನ ಮಾಡ್ತಿದ್ದೆ. ಬುದ್ಧನ ಧ್ಯಾನ."

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ರೂಪಶ್ರೀ ಕೊಡ ಕೆಳಗಿಟ್ಟು, "ಮನೆ ಬಿಟ್ಟು ಹೋಗೋದಾದ್ರೆ ಹೇಳಿ ಹೋಗ್ರಿ," ಎಂದಳು. ಕೊಟ್ರಮ್ಮ ಸಾಲು ಬಿಟ್ಟು ಮಗನ ಹತ್ತಿರ ಬಂದಳು.

"ಕೂರಾಕೆ ಬರ್ತದೆ ಅಂದಂಗಾಯ್ತು ನಿನಗೆ," ಎಂದಳು. ಅಷ್ಟು ಹೇಳಿ ಖಾಲಿ ಕೊಡ ಎತ್ತಿಕೊಂಡು ಮನೆ ಕಡೆ ನಡೆದಳು.

ವಾಲ್ವ್ ತೆರೆಯಿತು, ನೀರು ಬಂತು, ಜನ ಕರಗಿದರು. ಸಂಜೆ ಮೇಡಂ ಅವನನ್ನು ಒಳಗೆ ಕರೆದರು. ಕೆಲಸ ಹೋಯಿತು ಎಂದುಕೊಂಡೇ ಅವನು ಹೋಗಿ ಕೈಕಟ್ಟಿ ನಿಂತ.

"ಧ್ಯಾನ ಅಂದ್ರಲ್ಲ, ನಾನು ನಂಬ್ತೀನಿ," ಎಂದರು ಮೇಡಂ. "ಬಂಗಾರಪ್ಪ ಹೇಳ್ತಾನೆ, ನೀವು ಕೂರಾಕೆ ಶುರು ಮಾಡಿದಾಗಿಂದ ಆ ಕಡೆಗೆ ಒಬ್ರೂ ಬಂದಿಲ್ವಂತೆ. ನಾಳೆಯಿಂದ ಅದೇ ಜಾಗಕ್ಕೆ ನಿಮ್ಮನ್ನೇ ಕಾವಲಿಗೆ ಹಾಕಿದೀನಿ. ದಿನಾ ಐದರಿಂದ ಏಳು. ಆದ್ರೆ ಕಣ್ಣು ಮುಚ್ಚೋ ಹಾಗಿಲ್ಲ."

ಸಿದ್ದಲಿಂಗೇಶನ ಕಣ್ಣು ತುಂಬಿ ಬಂತು. ಕೆಲಸ ಉಳಿಯಿತು, ಅದಕ್ಕಿಂತ ಹೆಚ್ಚಾಗಿ, ಊರಿನಲ್ಲಿ ಒಬ್ಬರಾದರೂ ತನ್ನ ಮಾತನ್ನು ನಂಬಿದರು. ಕೈ ಮುಗಿದು ಆದೇಶದ ಪ್ರತಿ ತೆಗೆದುಕೊಂಡು ಹೊರಬಂದ. ಒಂದು ಪ್ರತಿಯನ್ನು ಬಂಗಾರಪ್ಪ ಆಗಲೇ ನೋಟಿಸ್ ಬೋರ್ಡಿಗೆ ಅಂಟಿಸಿದ್ದ; ಮುಂದೆ ನಾಲ್ಕೈದು ಜನ ನಿಂತು ಗಟ್ಟಿಯಾಗಿ ಓದುತ್ತಿದ್ದರು.

"ಧ್ಯಾನ ಅಂತ ಬರೆದ್ರೆ ಆಡಿಟ್‌ನಲ್ಲಿ ಕೇಳ್ತಾರೆ," ಎಂದರು ಮೇಡಂ ಒಳಗಿನಿಂದ. "ಅದಕ್ಕೇ ಕಾರಣ ಸ್ವಲ್ಪ ಬೇರೆ ಬರೆದೀನಿ, ಬೇಜಾರಾಗ್ಬೇಡ್ರಿ."

ಸಿದ್ದಲಿಂಗೇಶ ಓದಿದ: "ಸದರಿ ಸ್ಥಳವನ್ನು ಬಹಿರ್ದೆಸೆಗೆ ಬಳಸುವ ಬಗ್ಗೆ ಸದರಿ ನೌಕರರಿಗೆ ಹದಿನಾರು ದಿನಗಳ ಸ್ವಂತ ಅನುಭವವಿರುವುದರಿಂದ ಅವರನ್ನೇ ಕಾವಲಿಗೆ ನಿಯೋಜಿಸಿ ಈ ಮೂಲಕ ಆದೇಶಿಸಲಾಗಿದೆ."