ಪಾಲಿಲ್ಲದವನ ಸಹಿ

ಮಾವನವರು ತೀರಿಕೊಂಡಾಗ ನನ್ನ ತಲೆಯ ಮೇಲೆ ಬಿದ್ದದ್ದು ದುಃಖ ಒಂದೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಅದರ ಜೊತೆಗೆ ಅವರ ಮೂವರು ಮಕ್ಕಳೂ ಬಿದ್ದರು. (ಒಬ್ಬಳು ಮದುವೆಯ ದಿನವೇ ಬಿದ್ದಿದ್ದಳು. ಅವಳು ನನ್ನ ಹೆಂಡತಿ.)

ಮಾವನವರದು ಕನ್ನಡಕದ ಅಂಗಡಿ. ಮದುವೆಯಾದಾಗಿನಿಂದ ಅಲ್ಲಿ ಗಾಜು ಉಜ್ಜಿ, ಫ್ರೇಮಿಗೆ ಕೂರಿಸಿ, ಕಂಡವರ ಕಿವಿಗೆ ಹೊಂದುವಂತೆ ಕಡ್ಡಿ ಬಗ್ಗಿಸಿ ನನ್ನ ತಲೆಗೂದಲೆಲ್ಲ ಉದುರಿದೆ. "ಈ ಅಂಗಡಿ ನಿಮ್ದೇ ಅಳಿಯಂದ್ರೇ" ಎಂದು ಮಾವನವರು ಆಗಾಗ ಹೇಳುತ್ತಿದ್ದರು. ಬರೀ ಬಾಯಲ್ಲಿ. ಕೇಳಿಸಿಕೊಂಡದ್ದು ನಾನು ಮತ್ತು ಗೋಡೆ. ಅತ್ತೆಯವರು ಮೊದಲೇ ಹೋಗಿದ್ದರು. ಅಂಗಡಿ ನಮ್ಮ ಹೆಸರಿಗಾಗಬೇಕಾದರೆ ವಾರಸುದಾರರ ಪ್ರಮಾಣಪತ್ರ ಬೇಕು, ಅದಕ್ಕೆ ಮಕ್ಕಳೆಲ್ಲ ಒಟ್ಟಿಗೆ ಬಂದು ಮುಖ ತೋರಿಸಬೇಕು ಎಂದರು ತಾಲ್ಲೂಕು ಕಚೇರಿಯವರು.

ಒಟ್ಟಿಗೆ! ನನ್ನ ಹೆಂಡತಿಗೂ ಅವಳ ತಮ್ಮನಿಗೂ ಮಾತು ಬಿಟ್ಟು ವರ್ಷಗಳಾಗಿವೆ. ಕಾರಣ ಘನವಾದದ್ದೇ. ನಮ್ಮ ಮನೆಗೆ ಊಟಕ್ಕೆ ಬಂದವನು ಫ್ಯಾನ್ ಜೋರು ಮಾಡಿದ, ಇವಳು ಕಡಿಮೆ ಮಾಡಿದಳು, ಅವನು ಅರ್ಧ ಊಟದಲ್ಲೇ ಕೈ ತೊಳೆದು ಹೊರಟುಹೋದ. ತಂಗಿ ಯಾರ ಪಕ್ಷವನ್ನೂ ವಹಿಸಲಿಲ್ಲವೆಂದು ಇಬ್ಬರೂ ಅವಳನ್ನೂ ಬಿಟ್ಟರು. ಅಪ್ಪನ ಹೆಣದ ಮುಂದೆಯೂ ಮೂವರು ಮೂರು ಮೂಲೆಯಲ್ಲಿ ನಿಂತು ಅತ್ತರು. ಮೂರೂ ಮೂಲೆಗೆ ಕುಡಿಯಲು ನೀರು ಕೊಟ್ಟವನು ನಾನು.

"ಅವನ ಹೆಸರು ಬಿಟ್ಟು ಬರೆಸ್ರೀ," ಎಂದಳು ಹೆಂಡತಿ.

"ಬಿಡೋಕೆ ಅವನೇನು ಕೆಟ್ಟ ಚಟಾನಾ? ಒಡಹುಟ್ಟಿದವನು ಕಣೇ. ಸುಳ್ಳು ಬರೆಸಿದ್ರೆ ಜೈಲಿಗೆ ಹೋಗೋನು ನಾನು."

"ಹಾಗಾದ್ರೆ ನೀವೇ ಹೋಗಿ ಕಾಲು ಹಿಡ್ಕೊಳ್ಳಿ. ನಾನಂತೂ ಫೋನ್ ಮಾಡಲ್ಲ."

ಹಿಡಿದೆ. ನಾದಿನಿಯ ಕಾಲು, ಭಾವಮೈದನ ಕಾಲು, ಅವನ ಹೆಂಡತಿಯ ಕಾಲು. (ಆಕೆ ಚಕ್ಕಳಮಕ್ಕಳ ಹಾಕಿ ಕೂತಿದ್ದರಿಂದ ಸರಿಯಾಗಿ ಸಿಗಲಿಲ್ಲ.) "ನಿಮ್ಮ ಮುಖ ನೋಡ್ಕೊಂಡು ಬರ್ತೀನಿ ಭಾವ. ಅಕ್ಕನ ಮುಖ ಮಾತ್ರ ನೋಡಲ್ಲ," ಎಂದ ಭಾವಮೈದ. ನನ್ನ ಮುಖಕ್ಕೂ ಇಷ್ಟು ಬೆಲೆಯಿದೆಯಲ್ಲ ಎಂದು ಉಬ್ಬಿಹೋದೆ.

ಕಚೇರಿಯಲ್ಲಿದ್ದದ್ದು ಒಂದೇ ಬೆಂಚು, ಒಂದೇ ಫ್ಯಾನು. ಫ್ಯಾನು ಕೆಟ್ಟಿತ್ತು, ಆದ್ದರಿಂದ ಜಗಳಕ್ಕೆ ಆಸ್ಪದವಿರಲಿಲ್ಲ. ಮೂವರೂ ಒತ್ತಿಕೊಂಡು ಕೂತರು. ನಾನು ಕಂಬಕ್ಕೊರಗಿ ನಿಂತೆ. ಬಹಳ ಹೊತ್ತಿನ ಮೇಲೆ ನಾದಿನಿ "ಅಪ್ಪ ಇದ್ದಿದ್ರೆ..." ಎಂದಳು. ಅಷ್ಟೇ ಸಾಕಾಯಿತು. ಅಕ್ಕ ಬಿಕ್ಕಿದಳು, ತಮ್ಮ ಕರವಸ್ತ್ರ ಕೊಟ್ಟ, ಕೊಟ್ಟವನೂ ಅತ್ತ. ಅಂತೂ ನನ್ನ ಸಂಧಾನ ಫಲಿಸಿತ್ತು!

"ಅಕ್ಕಾ, ಆ ಅಂಗಡಿ ಮಾರಿಬಿಡೋಣ," ಎಂದ ಭಾವಮೈದ ಮೂಗೊರೆಸುತ್ತ. "ಮೂವರೂ ಸಮ ಹಂಚ್ಕೊಳ್ಳೋಣ. ಇನ್ನು ಜಗಳ ಬೇಡ."

"ನಿಂಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಕಣೋ," ಎಂದಳು ನನ್ನ ಹೆಂಡತಿ. ಅವಳ ಬಾಯಿಂದ ಈ ಮಾತು ಕೇಳಿದ್ದು ಜನ್ಮದಲ್ಲಿ ಅದೇ ಮೊದಲು. ಅದೂ ನನಗೆ ಹೇಳಿದ್ದಲ್ಲ.

"ಲೇ, ಮಾವ ನಂಗೆ ಹೇಳಿದ್ರು, ಅಂಗಡಿ..."

"ರೀ, ಮನೆಯವರು ಮಾತಾಡ್ತಿದೀವಲ್ಲ. ಸ್ವಲ್ಪ ಸುಮ್ನಿರಿ."

ಆ ಅಂಗಡಿ ಬಿಟ್ಟರೆ ನನಗೆ ಬದುಕೇ ಗೊತ್ತಿಲ್ಲ. ಅದನ್ನು ಹೇಳಬೇಕು ಎನ್ನುವಷ್ಟರಲ್ಲಿ ಗುಮಾಸ್ತ ಒಳಗೆ ಕರೆದ.

ಮೂವರ ಸಹಿಯೂ ಆಯಿತು. "ಒಬ್ಬ ಸಾಕ್ಷಿ ಬೇಕು," ಎಂದ ಗುಮಾಸ್ತ. "ಮನೆಯ ವಿಷಯವೆಲ್ಲ ಗೊತ್ತಿರಬೇಕು, ಆದ್ರೆ ಆಸ್ತೀಲಿ ಬಿಡಿಗಾಸಿನ ಪಾಲೂ ಇರಬಾರದು. ಅಂಥೋರು ಯಾರಾದ್ರೂ ಇದಾರಾ?"

ಮೂರು ಬೆರಳು ಏಕಕಾಲಕ್ಕೆ ನನ್ನತ್ತ ಚಾಚಿದವು. ಮಕ್ಕಳ ಈ ಒಗ್ಗಟ್ಟು ನೋಡಲು ಮಾವನವರು ಇರಬೇಕಿತ್ತು.

ಈ ಮೂವರನ್ನು ಬಿಟ್ಟು ಬೇರೆ ಯಾರಿಗೂ ಯಾವ ಹಕ್ಕೂ ಇಲ್ಲ ಎಂಬ ಸಾಲಿನ ಕೆಳಗೆ ನನ್ನ ಕೈಯಾರೆ ಸಹಿ ಹಾಕಿದೆ.

"ಸಾಕ್ಷಿಯ ಉದ್ಯೋಗ?" ಗುಮಾಸ್ತ ತಲೆಯೆತ್ತದೆ ಕೇಳಿದ.

ನಾನು ಬಾಯಿ ತೆರೆದೆ.

"ಸದ್ಯಕ್ಕೇನೂ ಇಲ್ಲ ಸಾರ್," ಎಂದಳು ನನ್ನ ಹೆಂಡತಿ.