ಬೆಳಕು ತಾಗಬಾರದ ಗಾಜು

2019ರ ನವೆಂಬರ್ 14, ಗುರುವಾರ, ಬೆಳಗ್ಗೆ 9 ಗಂಟೆ 10 ನಿಮಿಷಕ್ಕೆ ಸಂಶೋಧಕ ಗಾಜಿನ ಪಟ್ಟಿಯಲ್ಲಿದ್ದ ಜೀವಕೋಶಗಳ ಮೇಲೆ ಹೊಳೆಯುವ ಬಣ್ಣದ ಕೊನೆಯ ಹನಿ ಬಿಟ್ಟ. ಕೋಶದೊಳಗಿನ ನೂಲಿನಂಥ ಎಳೆಗಳಿಗೆ ಮಾತ್ರ ಅಂಟುವ ಬಣ್ಣ. ದೊಡ್ಡ ಸೂಕ್ಷ್ಮದರ್ಶಕದಲ್ಲಿ ಆ ಎಳೆಗಳ ಚಿತ್ರ ತೆಗೆದರೆ ಪ್ರಬಂಧ ಮುಗಿಯುತ್ತದೆ. ಪ್ರಬಂಧ ಮುಗಿದರೆ ಮದುವೆ. ಆರು ವರ್ಷ ಕಾದಿದ್ದ ಭಾವೀ ಮಾವ ಈ ತಿಂಗಳೇ ಕೊನೆ ಎಂದಿದ್ದರು. ಯಂತ್ರ ಸಿಕ್ಕಿದ್ದು ಇವತ್ತು ಸಂಜೆ ಒಂದು ತಾಸು. ಮುಂದಿನ ಸರದಿ ಮಾರ್ಚ್‌ನಲ್ಲಿ.

ತೊಂದರೆಯೆಂದರೆ, ಆ ಬಣ್ಣಕ್ಕೆ ಬೆಳಕು ಆಗದು. ಸಂಬಳದಂತೆ, ಹೊರಗೆ ತೆಗೆದಷ್ಟೂ ಕರಗುತ್ತದೆ. ಅವನು ಪರದೆ ಎಳೆದು, ದೀಪ ಆರಿಸಿ ಕೂತ.

ವಾಚ್‌ಮನ್ ಬಂದು ದೀಪ ಹಾಕಿದ.

"ಯಾಕೆ ಸಾರ್ ಕತ್ತಲಲ್ಲಿ? ಮೈ ಹುಷಾರಿಲ್ವಾ?"

"ಅಣ್ಣಾ, ಮೊದಲು ಲೈಟ್ ಆರಿಸಿ."

"ಆರಿಸ್ತೀನಿ. ಯಾವ ಸ್ವಿಚ್ಚು ಅಂತ ನೋಡ್ಬೇಕಲ್ಲ," ಎನ್ನುತ್ತ ಅವನು ಉಳಿದ ನಾಲ್ಕು ದೀಪಗಳನ್ನೂ ಹಾಕಿ ನೋಡಿದ.

ಆಮೇಲೆ ಪಕ್ಕದ ಮೇಜಿನ ಅಕ್ಕ ಬಂದಳು. "ಒಂದೇ ಒಂದ್ಸಲ ತೋರ್ಸೋ. ನನ್ನ ಕಣ್ಣೇನು ಸೂರ್ಯನಾ?"

"ಕಣ್ಣಲ್ಲ ಅಕ್ಕ, ನಿನ್ನ ಕೈಲಿರೋ ಟಾರ್ಚು."

ಅವನು ಗಾಜನ್ನು ಫಾಯಿಲ್‌ನಲ್ಲಿ ಸುತ್ತಿ ಡಬ್ಬಿಗೆ ಹಾಕಿ, ಡಬ್ಬಿಯನ್ನು ಚೀಲಕ್ಕಿಳಿಸಿ, ಮೊಮ್ಮಗುವನ್ನು ತೊಡೆಯಿಂದ ಇಳಿಸದ ಅಜ್ಜಿಯಂತೆ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಊಟ ಮುಗಿಸಿದ.

ನಾಲ್ಕಕ್ಕೆ ಯಂತ್ರದ ಕೋಣೆ ಸೇರಿ ಒಳಗಿಂದ ಚಿಲಕ ಹಾಕಿದ. ಅಷ್ಟು ಅಗಲದ ಗಾಜಿನಲ್ಲಿ ಬಣ್ಣ ಹಿಡಿದ ಕೋಶಗಳು ಮೂರೇ. ಆದರೆ ಏನು ಹೊಳಪು. ಬಿಚ್ಚಿ ಬಾಚಿದ ಜಡೆಯಂತೆ ಹಸಿರು ಎಳೆಗಳು. ಅಷ್ಟರಲ್ಲಿ ಗೈಡ್ ಮೇಡಂ ಫೋನು.

"ಬಂತೇನೋ?"

"ಬಂದಿದೆ ಮೇಡಂ. ಒಂದೊಂದು ಎಳೆನೂ ಎಣಿಸಬಹುದು."

"ಹೌದಾ? ಹೇಳು, ಹೇಳು."

ಆರು ವರ್ಷದಲ್ಲಿ ಮೊದಲ ಬಾರಿಗೆ ಮೇಡಂ ಅವನ ಮಾತನ್ನು ಅರ್ಧಕ್ಕೆ ತಡೆಯಲಿಲ್ಲ. ಅವನು ಕಣ್ಣು ಕೀಳದೆ ಮೊದಲ ಕೋಶವನ್ನು ವರ್ಣಿಸಿದ. ನಿಧಾನವಾಗಿ ಎರಡನೆಯದನ್ನು. ಮೂರನೆಯದಕ್ಕೆ ಬರುವಾಗ ಉಪಮೆಗಳೂ ಸೇರಿಕೊಂಡವು.

"ಅದರ ಅಂಚು ಹೇಗಿದೆ?"

"ಈಗ ಸ್ವಲ್ಪ ಮಂಕು ಮೇಡಂ."

"ಮೊದಲನೇದಕ್ಕೆ ವಾಪಸ್ ಹೋಗು."

"ಹೋದೆ. ಕಾಣ್ತಿಲ್ಲ."



"ಕಣ್ಣಲ್ಲಿ ನೋಡೋವಾಗ ಯಂತ್ರದ ದೀಪ ಉರೀತಿರುತ್ತೆ ಅಲ್ವೇನಪ್ಪ?"

"ಉರೀತಿದೆ ಮೇಡಂ."

"ಫೋಟೋ ತೆಗೆದಿದ್ದೀಯಾ?"

ಅವನು ಆಗ ಕ್ಯಾಮೆರಾ ಹಾಕಿದ. ಅದರ ಲೆಕ್ಕದಲ್ಲಿ ಖಾಲಿ ಗಾಜಿನ ಹೊಳಪು 104. ಜೀವಕೋಶದ್ದು 105.