ಮೇಷ್ಟ್ರ ಎದೆ, ಗಿಟಾರಿನ ನಾದ

ಭಗವಂತನ ನಾಮ ಹೇಳೋಣ ಅಂತ ನಾಲ್ಕು ಜನ ಕೂತ ಕಡೆ ಭಕ್ತಿ ಬರೋದಕ್ಕೆ ಸ್ವಲ್ಪ ಹೊತ್ತು ಹಿಡಿಯಬಹುದು. ನಗು ಮಾತ್ರ ಎಲ್ಲರಿಗಿಂತ ಮೊದಲೇ ಬಂದು ಚಾಪೆ ಹಾಸಿಕೊಂಡು ಕೂತಿರುತ್ತದೆ. ಮಧುಗಿರಿ ಬೆಟ್ಟದ ಕೆಳಗೆ ನಮ್ಮದೊಂದು ಪುಟ್ಟ ಆಂಜನೇಯನ ಗುಡಿ. ಅಲ್ಲಿ ಶನಿವಾರದ ಭಜನೆಗೆ ತಾಳ ಹಾಕುತ್ತಾ ಹಾಕುತ್ತಾ ನನ್ನ ತಲೆ ಬೆಳ್ಳಗಾಯಿತು. ಅಂಚೆ ಕಚೇರಿ ಕೆಲಸದಿಂದ ನಿವೃತ್ತನಾದೆ, ತಾಳದಿಂದ ಆಗಲಿಲ್ಲ. ಇಷ್ಟು ವರ್ಷ ಸ್ವಾಮಿ ನನ್ನ ಕೈಗೆ ಹಾಕಿದ ಪ್ರಸಾದದಲ್ಲಿ ನಗುವಿನ ಪಾಲೂ ಇತ್ತು. ಅದರಲ್ಲಿ ದೊಡ್ಡ ಪಾಲು ನಮ್ಮ ಗಿಟಾರ್ ಮೇಷ್ಟ್ರದು.

ಬೇಕಂತಲೇ ದಾರಿ ತಪ್ಪುವುದು

ಮೇಷ್ಟ್ರು ವಯಸ್ಸಿನಲ್ಲಿ ಬೆಂಗಳೂರಿನ ದೊಡ್ಡ ಹೋಟೆಲುಗಳಲ್ಲಿ ಜಾಜ್ ನುಡಿಸಿದವರು. ಅವರ ಹೆಂಡತಿಯ ತವರು ನಮ್ಮೂರು. ಆಯಮ್ಮನನ್ನು ನಾವೆಲ್ಲ ಅಕ್ಕ ಅಂತಲೇ ಕರೆಯುವುದು. ಇಬ್ಬರೂ ಇಲ್ಲಿಗೆ ಬಂದು ನೆಲೆಸಿದ ಮೇಲೆ ಒಂದು ಶನಿವಾರ ಮೇಷ್ಟ್ರು ಗಿಟಾರು ಹೊತ್ತುಕೊಂಡು ಗುಡಿ ಬಾಗಿಲಲ್ಲಿ ನಿಂತರು.

"ನಾನೂ ಕೂತ್ಕೋಬಹುದಾ?"

ನಮ್ಮ ಅರ್ಚಕರು ಸಾಧು ಮನುಷ್ಯರು. "ಕೂತ್ಕೊಳಿ. ಆದ್ರೆ ಈ ಜಾಜ್ ಅಂದ್ರೆ ಏನು?" ಅಂತ ಕೇಳಿದರು.

ಬಾಗಿಲಲ್ಲೇ ನಿಂತು ನನ್ನ ಹಾಡು ಕೇಳಿದ್ದ ಮೇಷ್ಟ್ರು ನನ್ನ ಕಡೆ ತೋರಿಸಿ, "ಇವರು ಪಲ್ಲವಿ ಹಿಡೀತಾರೆ, ಆಮೇಲೆ ಎಲ್ಲೆಲ್ಲೋ ದಾರಿ ತಪ್ತಾರೆ, ಕೊನೆಗೆ ಹೆಂಗೋ ಪಲ್ಲವಿಗೆ ಬಂದು ಸೇರ್ತಾರಲ್ಲ, ಅದನ್ನೇ ಬೇಕಂತಲೇ ಮಾಡಿದ್ರೆ ಜಾಜ್" ಅಂದರು.

ಅವತ್ತು ಅವರು ನುಡಿಸಿದ್ದನ್ನು ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ. ನಾನು ಹಾಡಿ ಬಿಟ್ಟ ಕಡೆಯಿಂದ ಒಂದೇ ಸ್ವರ ಎತ್ತಿಕೊಂಡು, ಅದನ್ನು ಗಂಧ ತೇದ ಹಾಗೆ ತೇದು ತೇದು ಸ್ವಾಮಿಯ ಮುಂದಿಟ್ಟರು. ಅರ್ಚಕರು ಮಂಗಳಾರತಿ ತಟ್ಟೆ ಹಿಡಿದವರು ಅಲ್ಲೇ ನಿಂತುಬಿಟ್ಟರು.

ಅಂಥವರಲ್ಲಿ ನನಗೆ ಒಂದೇ ಕೊರಗು. ಗುಡಿಗೆ ಬರುತ್ತಾರೆ, ನುಡಿಸುತ್ತಾರೆ, ಹೋಗುತ್ತಾರೆ. ಒಂದು ದಿನವೂ ಪ್ರದಕ್ಷಿಣೆ ಹಾಕಿದವರಲ್ಲ. "ಒಂದು ಸುತ್ತು ಬನ್ನಿ ಮೇಷ್ಟ್ರೇ" ಅಂತ ಕರೆದಾಗಲೆಲ್ಲ ಒಂದೇ ಉತ್ತರ.

"ಗಿಟಾರಿನ ಕೇಬಲ್ ಅಷ್ಟು ಉದ್ದ ಇಲ್ಲ ಸ್ವಾಮಿ."

ಪಾಯಸವೋ ನಾದವೋ

ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಅಂತ ಒಂದು ಪಟ್ಟಿ ಇರುತ್ತದೆ. ಒಳಗೆ ಅಯಸ್ಕಾಂತ, ಅದಕ್ಕೆ ಸುತ್ತಿದ ಕೂದಲಿಗಿಂತ ಸಣ್ಣ ತಾಮ್ರದ ತಂತಿ. ಮೇಲಿನ ತಂತಿ ಅಲುಗಿದ್ದನ್ನು ಇದು ಹಿಡಿದು ಸ್ಪೀಕರಿಗೆ ದಾಟಿಸುತ್ತದೆ. ಮೇಷ್ಟ್ರ ಜೀವ ಇದ್ದದ್ದು ಅದರಲ್ಲಿ. ಅದರಿಂದ ಬರುವ ನಾದ ಬೆಣ್ಣೆ ಕಾಯಿಸಿದ ಬಣ್ಣದ ಹಾಗೆ ಇರಬೇಕು ಅನ್ನುತ್ತಿದ್ದರು. ನಾದಕ್ಕೆ ಬಣ್ಣ ಇದೆ ಅಂತ ನನಗೆ ಗೊತ್ತಾದದ್ದು ಅವರಿಂದಲೇ.

ಕೊರಟಗೆರೆಯಲ್ಲಿ ಒಂದು ಗೃಹಪ್ರವೇಶಕ್ಕೆ ನಮ್ಮ ಭಜನಾ ಮಂಡಳಿಯನ್ನು ಕರೆದಿದ್ದರು. ಮೇಷ್ಟ್ರು ಕೇಬಲ್ ಸಿಕ್ಕಿಸಿದ್ದೇ ತಡ, ಸ್ಪೀಕರಿನಲ್ಲಿ ಜೇನು ಎದ್ದ ಹಾಗೆ ಗುಂಯ್ ಅಂತ ಶುರುವಾಯಿತು. ಅವರು ಗಿಟಾರು ಇಳಿಸಿ, ಮೂಸುತ್ತಾ ಹೋದ ಬೆಕ್ಕಿನ ಹಾಗೆ ಕಿವಿ ಕೊಟ್ಟುಕೊಂಡು ಮನೆಯೆಲ್ಲ ಹುಡುಕಿ, ಕೊನೆಗೆ ಅಡುಗೆಮನೆಯಲ್ಲಿ ನಿಂತರು. ಅಲ್ಲಿ ಗ್ರೈಂಡರು ತಿರುಗುತ್ತಿತ್ತು.

"ಇದನ್ನ ಸ್ವಲ್ಪ ನಿಲ್ಲಿಸ್ತೀರಾ ತಾಯಿ? ನನ್ನ ಪಿಕಪ್ ಇದನ್ನ ಕೇಳಿಸ್ಕೋತಾ ಐತೆ."

ಅಡುಗೆಯಮ್ಮ ಸೌಟು ಹಿಡಿದೇ ಆಚೆ ಬಂದು ಚಪ್ಪರದಲ್ಲಿ ಕೂತವರನ್ನೆಲ್ಲ ಕೇಳಿದಳು. "ನೋಡ್ರಪ್ಪಾ, ಪಾಯಸಕ್ಕೆ ಕಾಯಿ ರುಬ್ತಾ ಇವ್ನಿ. ಪಾಯಸ ಬೇಕೋ, ಇವ್ರ ನಾದ ಬೇಕೋ?"

ಇಡೀ ಚಪ್ಪರ ಒಂದೇ ಶ್ರುತಿಯಲ್ಲಿ ಉತ್ತರ ಕೊಟ್ಟಿತು. ಕಾಯಿ ಪೂರಾ ನುಣ್ಣಗಾಗುವ ತನಕ ಮೇಷ್ಟ್ರು ಕೈ ಕಟ್ಟಿಕೊಂಡು ಕೂತಿದ್ದರು.

ಎಷ್ಟು ಎಚ್‌ಪಿ?

ಒಂದು ದಿನ ಆ ಪಿಕಪ್ಪಿನ ಒಳಗಿನ ತಂತಿಯೇ ತುಂಡಾಯಿತು. ನಮ್ಮ ಮಂಡಳಿಗೆ ಢೋಲಕ್ ನುಡಿಸುವ ಸಾಬರು ಸಿರಾದವರು. ಪ್ರತಿ ಶನಿವಾರ ಬಸ್ಸು ಹತ್ತಿ ಬರುತ್ತಾರೆ. "ಫಿಕರ್ ಮಾಡ್ಬೇಡಿ ಮೇಷ್ಟ್ರೇ, ನಮ್ ಗಲ್ಲೀಲೇ ಮೋಟಾರ್ ವೈಂಡಿಂಗ್ ಅಂಗ್ಡಿ ಐತೆ" ಅಂದರು. ನಾನೂ ಜೊತೆಗೆ ಹೋದೆ.

ಅಂಗಡಿ ತುಂಬ ಸುಟ್ಟ ಬೋರ್‌ವೆಲ್ ಮೋಟಾರುಗಳು. ಅಂಗಡಿಯವನು ತಲೆ ಎತ್ತದೆ ಕೇಳಿದ.

"ಎಷ್ಟು ಎಚ್‌ಪಿ?"

ಮೇಷ್ಟ್ರು ಕರ್ಚೀಫು ಬಿಚ್ಚಿ ಹುಣಸೆಕಾಯಿಯಷ್ಟು ಉದ್ದದ ಪಿಕಪ್ಪನ್ನು ಮೇಜಿನ ಮೇಲಿಟ್ಟರು. ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ.

"ಇದು ಯಾವ ಬೋರಿಗೆ ಸಾರ್? ನೀರು ಎತ್ತುತ್ತಾ?"

"ನೀರಲ್ಲಪ್ಪ. ನಾದ ಎತ್ತುತ್ತೆ."

"ಎಷ್ಟು ಅಡಿಯಿಂದ?"

ಮೇಷ್ಟ್ರು, "ಅದು ನುಡಿಸೋನ ಮೇಲೆ ಐತೆ" ಅಂದರು.

ತಂತಿ ಸುತ್ತುವ ಮಿಷನ್ನಿನ ಮುಂದೆ ತಾವೇ ಕೂತರು. ಜಪಸರ ಎಣಿಸುವ ನನ್ನ ತಾಯಿಯ ಬೆರಳುಗಳನ್ನು ಬಿಟ್ಟರೆ ಅಷ್ಟು ಶ್ರದ್ಧೆ ಇದ್ದ ಬೆರಳುಗಳನ್ನು ನಾನು ನೋಡಿಲ್ಲ. ಕೊನೆಯ ಸುತ್ತಿಗೆ ಬಂದಾಗ ಕಣ್ಣು ಕತ್ತಲೆ ಬಂದು ಮೇಷ್ಟ್ರು ಕುರ್ಚಿಯಿಂದ ಪಕ್ಕಕ್ಕೆ ವಾಲಿದರು. ಸಾಬರು ಹಿಡಿದುಕೊಂಡರು, ನಾನು ರಾಮ ರಾಮ ಅಂತ ಮುಖಕ್ಕೆ ನೀರು ಚಿಮುಕಿಸಿದೆ. ಅಂಗಡಿಯವನು ಹೆದರಿ ಸೋಡಾ ತರಲು ಓಡಿದ.

ಮೇಷ್ಟ್ರು ಕಣ್ಣು ಬಿಟ್ಟರು. ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ ಮೆಲ್ಲಗೆ ಕೇಳಿದರು.

"ತಂತಿ ತುಂಡಾಗ್ಲಿಲ್ಲ ತಾನೆ?"

ಎಡ ಹೆಗಲು

ತುಂಡಾಗಿರಲಿಲ್ಲ. ಆ ಪಿಕಪ್ ಹಾಕಿದ ಮೇಲೆ ಗಿಟಾರಿನ ನಾದ ಇನ್ನೂ ಇಂಪಾಯಿತು. ಬೆಣ್ಣೆ ಕಾಯಿಸಿದ ಬಣ್ಣ ಸಿಕ್ಕಿತು ಅಂತ ಮೇಷ್ಟ್ರು ಕಣ್ಣಲ್ಲಿ ನೀರು ಹಾಕಿಕೊಂಡರು. ಆದರೆ ಅವರ ಎದೆಬಡಿತ ತಪ್ಪುತ್ತಿತ್ತು. ಬೆಂಗಳೂರಿನ ಆಸ್ಪತ್ರೆಗೆ ಅಕ್ಕ, ನಾನು, ಸಾಬರು ಕರೆದುಕೊಂಡು ಹೋದೆವು. ಡಾಕ್ಟರು ತಾಳ್ಮೆಯ ಮನುಷ್ಯ.

"ನಿಮ್ಮ ಹೃದಯ ತುಂಬಾ ನಿಧಾನವಾಗಿ ಬಡೀತಿದೆ. ಮಧ್ಯೆ ಮಧ್ಯೆ ಒಂದೊಂದು ಬಡಿತ ಬಿಟ್ಟುಬಿಡ್ತಿದೆ."

"ಜಾಜ್‌ನಲ್ಲಿ ಅದು ನಡೆಯುತ್ತೆ ಡಾಕ್ಟ್ರೇ" ಅಂದರು ಮೇಷ್ಟ್ರು.

ಡಾಕ್ಟರು ನಗಲಿಲ್ಲ. "ಪೇಸ್‌ಮೇಕರ್ ಹಾಕ್ಲೇಬೇಕು. ತಡ ಮಾಡಿದ್ರೆ ಜೀವಕ್ಕೇ ಅಪಾಯ. ಚಿಕ್ಕ ಆಪರೇಷನ್. ಆ ಯಂತ್ರ ಬೆಂಕಿಪೊಟ್ಟಣಕ್ಕಿಂತ ತೆಳ್ಳಗಿರುತ್ತೆ. ಎಡ ಹೆಗಲಿನ ಕೆಳಗೆ ಚರ್ಮದೊಳಗೆ ಇಡ್ತೀವಿ."

"ಅಲ್ಲಿ ನನ್ನ ಗಿಟಾರಿನ ಬೆಲ್ಟ್ ಬರುತ್ತೆ."

"ಹಂಗಾದ್ರೆ ಬಲಗಡೆ ಇಡೋಣ."

"ಅದರೊಳಗೆ ಬ್ಯಾಟರಿ ಇರುತ್ತಾ?"

"ಇರುತ್ತೆ."

"ಅದು ನನ್ನ ಪಿಕಪ್‌ನಲ್ಲಿ ಗುಂಯ್ ಅನ್ನುತ್ತಾ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಗಿಟಾರು ಎದೆಗೆ ಒತ್ತದೆ ಒಂದು ಗೇಣು ದೂರ ಇಟ್ಕೊಂಡ್ರೆ ಏನೂ ಆಗಲ್ಲ ಸಾರ್. ಮೋಟಾರ್ ರಿಪೇರಿ ಮಾಡೋರಿಗೂ ನಾನು ಹಾಕಿದೀನಿ. ಆರಾಮಾಗಿದ್ದಾರೆ."

"ಅವರು ಆರಾಮಾಗಿರಬಹುದು. ಅವರ ಮೋಟಾರಿನ ಟೋನ್ ಹೆಂಗಿದೆ ಅಂತ ಕೇಳಿದ್ರಾ?"

ಆಪರೇಷನ್ ಬೇಡ ಅಂತ ಎದ್ದು ಬಂದೇಬಿಟ್ಟರು. ವಾಪಸ್ ಬಸ್ಸು ಹತ್ತಿದೆವು. ದಾಬಸ್‌ಪೇಟೆ ದಾಟಿದ ಮೇಲೆ ಸಾಬರು ಮೆಲ್ಲಗೆ ಅಂದರು, "ದಾರಿ ಎಷ್ಟು ಬೇಕಾದ್ರೂ ತಪ್ಪಿ ಮೇಷ್ಟ್ರೇ, ಪಲ್ಲವಿಗೆ ವಾಪಸ್ ಬರ್ಬೇಕಲ್ಲ. ಒಂದ್ ಸಲ ಬರ್ದೇ ಹೋದ್ರೆ, ನಾನು ಯಾರಿಗೆ ಬಾರಿಸ್ಲಿ?"

ಮೇಷ್ಟ್ರು ಕಿಟಕಿ ಕಡೆ ತಿರುಗಿಕೊಂಡರು.

ಸಂಕಲ್ಪ

ಸುದ್ದಿ ಪಾವಗಡದ ಕಡೆ ನಿಡುಗಲ್ಲಿಗೆ ಹೋಗಿ ನೆಲೆಸಿರುವ ಮೇಷ್ಟ್ರ ಭಾವಮೈದನಿಗೆ ಮುಟ್ಟಿತು. ಆತನ ಮಾತಿನಲ್ಲಿ ಅರ್ಧ ಕನ್ನಡ, ಅರ್ಧ ತೆಲುಗು. ಜೀಪು ಮಾಡಿಕೊಂಡೇ ಬಂದ.

"ಏಂ ಬಾವಾ, ಭಯಮಾ? ನಮ್ ನಾಗಲಮಡಿಕೆ ಸುಬ್ರಮಣ್ಯ ಸ್ವಾಮಿ ಇರೋವಾಗ ನಿಂಗ್ಯಾಕೆ ದಿಗುಲು? ಪದ, ನಡಿ, ಹೋಗಿ ಬಂದ್ಬುಡಾನ."

ಅಕ್ಕನ ಜೊತೆ ನಾನೂ ಹೊರಟೆ. ಸ್ವಾಮಿಯ ಮುಂದೆ ನಿಂತಾಗ ಅಲ್ಲಿನ ಅರ್ಚಕರು ಗೋತ್ರ, ನಕ್ಷತ್ರ ಕೇಳಿ, "ಏನು ಇಷ್ಟಾರ್ಥ?" ಅಂದರು. ಆರೋಗ್ಯ ಅಂತ ಹೇಳುತ್ತಾರೆ ಅಂದುಕೊಂಡು ಅಕ್ಕ ಕಣ್ಣು ಮುಚ್ಚಿದ್ದರು.

"ಪಿಕಪ್‌ನಲ್ಲಿ ಗುಂಯ್ ಅನ್ನಬಾರದು" ಅಂದರು ಮೇಷ್ಟ್ರು.

ಅರ್ಚಕರು ಒಂದು ಕ್ಷಣವೂ ತಡವರಿಸಲಿಲ್ಲ. ಅಕ್ಷತೆ ಹಿಡಿದು ಸುಶ್ರಾವ್ಯವಾಗಿ ಹೇಳಿಬಿಟ್ಟರು: "ಅಸ್ಯ ಯಜಮಾನಸ್ಯ ಪಿಕಪ್ ಗುಂಯ್‌ಕಾರ ದೋಷ ನಿವಾರಣಾರ್ಥಂ..."

ಮದುವೆ, ಮಕ್ಕಳು, ನೌಕರಿ, ಬೋರಿನಲ್ಲಿ ನೀರು, ಇವನ್ನು ಕೇಳಿ ಕೇಳಿ ಸಾಕಾಗಿದ್ದ ಸ್ವಾಮಿ ಅವತ್ತು ಸ್ವಲ್ಪ ಮುಂದಕ್ಕೆ ಬಾಗಿದ ಹಾಗೆ ನನಗೆ ಕಂಡಿತು. ಆದರೂ ಪ್ರದಕ್ಷಿಣೆ ಹೊತ್ತಿಗೆ ಮೇಷ್ಟ್ರು ನಾಪತ್ತೆ. ಕೇಬಲ್ಲಿನ ನೆಪ ಇಲ್ಲಿ ನಡೆಯುವಂತಿರಲಿಲ್ಲ. ಆಚೆ ಬಂದು ನೋಡಿದರೆ, ಎಲ್ಲರ ಚಪ್ಪಲಿ ಕಾಯುತ್ತಾ ಕೂತಿದ್ದರು.

ಅಕ್ಕನ ತೀರ್ಪು

ಊರಿಗೆ ಬಂದ ಮೇಲೂ ಮೇಷ್ಟ್ರದು ಅದೇ ಹಟ. ಒಂದು ಮಧ್ಯಾಹ್ನ ನಾನು ಅವರ ಮನೆಗೆ ಹೋದಾಗ ಅಕ್ಕ ಅಕ್ಕಿ ಆರಿಸುತ್ತಿದ್ದರು. ಮೇಷ್ಟ್ರು ಗಿಟಾರಿನ ಹತ್ತಿರ ಮೊಬೈಲ್ ತರುವುದು, ಗುಂಯ್ ಅಂದರೆ ಮುಖ ಹಿಂಡುವುದು, ಹೀಗೇ ಪರೀಕ್ಷೆ ನಡೆಸಿದ್ದರು.

"ನೋಡಿ ಸ್ವಾಮಿ, ಇಷ್ಟು ಸಣ್ಣ ಬ್ಯಾಟರಿಗೇ ಇಂಗೆ. ಎದೇಲೇ ಇಟ್ಕೊಂಡ್ರೆ ಹೆಂಗೆ?"

ಅಕ್ಕ ಮೊರ ಕೆಳಗಿಟ್ಟರು. ಆಯಮ್ಮ ದನಿ ಏರಿಸುವವರಲ್ಲ.

"ಗುಂಯ್ ಅಂದ್ರೆ ಅನ್ಲಿ ಬುಡಿ. ಗುಂಯ್ ಅನ್ನೋ ಗಂಡನ ಜೊತೆ ನಾನು ಬಾಳ್ತೀನಿ. ಸದ್ದೇ ಇಲ್ದಿರೋ ಮನೇಲಿ ನಂಗೆ ಇರಕಾಗಲ್ಲ."

ಮೇಷ್ಟ್ರು ಮೊಬೈಲ್ ಪಕ್ಕಕ್ಕಿಟ್ಟು ಗಿಟಾರನ್ನು ಗೋಡೆಗೆ ಒರಗಿಸಿದರು. ಆಮೇಲೆ, "ಬಲಗಡೆ ಅಂತ ಡಾಕ್ಟ್ರಿಗೆ ಇನ್ನೊಂದು ಸಲ ಜ್ಞಾಪಿಸ್ಬೇಕು" ಅಂದರು. ಅಲ್ಲಿಗೆ ಒಪ್ಪಿದ ಹಾಗಾಯಿತು.

ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಅಣ್ಣಾ, ನಮ್ಮ ಆಂಜನೇಯನಿಗೆ ಹರಕೆ ಹೊತ್ತಿವ್ನಿ. ಆಪರೇಷನ್ ಚೆನ್ನಾಗಾದ್ರೆ ಇವ್ರ ಕೈಲಿ ಮೂರು ಸುತ್ತು ಪ್ರದಕ್ಷಿಣೆ ಹಾಕಿಸ್ತೀನಿ ಅಂತ."

ಮೇಷ್ಟ್ರು ತಕ್ಷಣ ತಲೆ ಎತ್ತಿದರು. "ಹರಕೆ ನೀನು ಹೊತ್ತಿದ್ದು. ನೀನೇ ಸುತ್ತು."

ಮೂರು ಸುತ್ತು

ಸ್ವಾಮಿಯ ದಯೆಯಿಂದ ಆಪರೇಷನ್ ಸುಸೂತ್ರವಾಯಿತು. ಹೆಗಲು ಪೂರಾ ವಾಸಿಯಾಗಿ, ಡಾಕ್ಟರು ನುಡಿಸಬಹುದು ಅಂದ ಮೇಲೆ ಬಂದ ಮೊದಲ ಶನಿವಾರ ಗುಡಿ ತುಂಬಿಹೋಯಿತು. ಸಂತೋಷಕ್ಕೆ ಸಾಬರು ಸಿರಾದಿಂದ ಬಣ್ಣದ ಸೀರಿಯಲ್ ಲೈಟು ತಂದು ಸ್ವಾಮಿಯ ಪ್ರಭಾವಳಿಗೆ ಸುತ್ತಿಸಿದ್ದರು. ಎದೆ ಸೀಳಿ ರಾಮನನ್ನು ತೋರಿಸಿದ ಆಂಜನೇಯ ಕೆಂಪು ಹಸಿರು ಮಿನುಗುತ್ತಿದ್ದ. ಮೇಷ್ಟ್ರು ಕುರ್ಚಿಯಲ್ಲಿ ಕೂತು, ಎದೆಗೂ ಗಿಟಾರಿಗೂ ನಡುವೆ ಒಂದು ಗೇಣು ಅಳೆದು, ಕೇಬಲ್ ಸಿಕ್ಕಿಸಿದರು.

ಗುಂಯ್.

ಇಡೀ ಗುಡಿ ಅವರ ಬಲ ಹೆಗಲನ್ನೇ ನೋಡಿತು. ಕೊರಟಗೆರೆಯ ಗ್ರೈಂಡರು ಯಾರಿಗೂ ನೆನಪಾಗಲಿಲ್ಲ. ಮೇಷ್ಟ್ರ ಮುಖ ಬಿಳಿಚಿಕೊಂಡಿತು. ನನ್ನ ಕೈಯಲ್ಲಿ ತಾಳ ಹಾಗೇ ನಿಂತಿತು.

"ನಾನು ದೂರ ಹೋಗಿ ನೋಡ್ತೀನಿ" ಅಂದರು ಮೇಷ್ಟ್ರು. ಗಿಟಾರನ್ನು ಹಾಗೇ ಚಾಪೆಯ ಮೇಲೆ ಮಲಗಿಸಿ ಎದ್ದರು. "ನಾನು ಹೋದಂಗೆ ಸದ್ದು ಕಮ್ಮಿಯಾದ್ರೆ, ನನ್ನದೇ ಅಂತ ಲೆಕ್ಕ."

ನಮ್ಮ ಗುಡಿಯಲ್ಲಿ ದೂರ ಹೋಗಲು ಇರುವುದು ಒಂದೇ ದಾರಿ, ಗರ್ಭಗುಡಿಯ ಹಿಂದೆ. ಸ್ವಾಮಿಯ ಎದುರಿನಿಂದ ಎಡಕ್ಕೆ ತಿರುಗಿ, ಗೋಡೆ ಹಿಡಿದುಕೊಂಡು ಹೋದರು. ಹಿಂದಿನಿಂದ ದನಿ ಬಂತು.

"ಇನ್ನೂ ಅಂತೈತಾ?"

"ಅಂತೈತೆ ಮೇಷ್ಟ್ರೇ" ಅಂದೆವು ಎಲ್ಲರೂ. ಒಂದು ಗುಂಯ್ ಸದ್ದಿಗೆ ಅಷ್ಟು ಜನ ಅಷ್ಟು ಹಿಗ್ಗಿದ್ದನ್ನು ನಾನು ಕಂಡಿಲ್ಲ.

ಬಲಗಡೆಯಿಂದ ಪ್ರತ್ಯಕ್ಷರಾದರು, ಮುಖದಲ್ಲಿ ಸ್ವಲ್ಪ ಕಳೆ ಬಂದಿತ್ತು. ಆದರೂ ಅನುಮಾನ. "ಸ್ವಲ್ಪ ಕಮ್ಮಿಯಾಗಿತ್ತೇನೋ. ಇನ್ನೊಂದು ಸಲ ನೋಡ್ತೀನಿ, ಸರಿಯಾಗಿ ಕೇಳಿಸ್ಕೊಳಿ" ಅಂತ ಮತ್ತೆ ಹೋದರು. ಬಂದರು. ಗುಂಯ್ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ.

"ಕೊನೇ ಸಲ" ಅಂತ ಮತ್ತೊಮ್ಮೆ ಗರ್ಭಗುಡಿಯ ಹಿಂದೆ ಮರೆಯಾದರು.

ಅಷ್ಟರಲ್ಲಿ ಸಾಬರ ಕಣ್ಣು ಪ್ರಭಾವಳಿಯ ಮೇಲೆ ಬಿತ್ತು. "ಯಾ ಅಲ್ಲಾ, ನಾನ್ ತಂದಿದ್ ಲೈಟೇ ಕಣ್ರೀ ಇದು" ಅಂತ ಎದ್ದು ಸ್ವಿಚ್ಚಿಗೆ ಕೈ ಹಾಕಿದರು. ದೇವರ ದೀಪ ಆರಿಸುವುದೇ ಅಂತ ನನಗೆ ಅಳುಕು. ಅರ್ಚಕರ ಮುಖ ನೋಡಿದೆ. "ಎಣ್ಣೆ ದೀಪ ಐತಲ್ಲ, ಸ್ವಾಮಿಗೆ ಅಷ್ಟು ಬೆಳಕು ಸಾಕು. ಆರಿಸಿ" ಅಂದರು.

ಹೆಂಗಸರ ಸಾಲಿನಿಂದ ಅಕ್ಕ ಎದ್ದು ನಿಂತು ಸಾಬರಿಗೆ ಕೈ ಸನ್ನೆ ಮಾಡಿದರು.

"ತಡೀರಿ ಅಣ್ಣಾ, ಈಗ್ಲೇ ಆರಿಸ್ಬ್ಯಾಡಿ. ಮೂರನೇ ಸುತ್ತು ಮುಗೀಲಿ."